ಅಕ್ಕಿಹೆಬ್ಬಾಳಿಗೆ ಹೊರಟ ಟಗರು

ಸಂತೆಬಾಚಹಳ್ಳಿ ದಾಟಿದ ಮೇಲೆ ಟಗರು ಬಾಯಿ ತೆರೆದು ಏದುಸಿರು ಬಿಡತೊಡಗಿತು. ಓಮ್ನಿ ವ್ಯಾನಿನ ಹಿಂದಿನ ಸೀಟು ಕಿತ್ತು, ಹುಲ್ಲು ಹಾಸಿ, ಅದನ್ನು ಅಲ್ಲಿ ನಿಲ್ಲಿಸಿದ್ದರು. ಬಿಂಡಿಗನವಿಲೆಯಿಂದ ನಾಗಮಂಗಲದ ತನಕ ಮೇವು ಜಗಿಯುತ್ತ ಸುಮ್ಮನಿದ್ದ ಪ್ರಾಣಿ, ಬಿಸಿಲು ಏರಿದ್ದೇ ತಡ, ಗೋಣನ್ನು ಕಿಟಕಿಗೆ ಒತ್ತಿಕೊಂಡು ನಾಲಗೆ ಹೊರಗೆ ಹಾಕಿತು. ಗಾಡಿ ಓಡಿಸುತ್ತಿದ್ದ ಸಿದ್ದಾರ್ಥ ಮತ್ತೆ ಮತ್ತೆ ಹಿಂದಿರುಗಿ ನೋಡಿದ. ಈ ಟಗರಿಗೆ ಏನಾದರೂ ಆದರೆ ಸಿನಿಮಾವೇ ನಿಂತುಹೋಗುತ್ತದೆ.

ಸಿದ್ದಾರ್ಥ ಹೊಟ್ಟೆಪಾಡಿಗೆ ನಟನಲ್ಲ. ನಾಗಮಂಗಲದ ಪಕ್ಕದ ಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ ಸಂಜೆ, ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಕೆಲಸ ಅವನದು. ಕಾಲೇಜಿನ ಕಾಲದಿಂದ ನಾಟಕದ ಹುಚ್ಚಿತ್ತು. ಅದಕ್ಕಿಂತ ಹೆಚ್ಚಿನ ಹುಚ್ಚು ಕಳ್ಳತನದ ಕಾಮಿಡಿ ಸಿನಿಮಾಗಳದ್ದು. ನಾಲ್ಕು ಜನ ಪೆದ್ದರು ಕೂಡಿಕೊಂಡು ಯಾವನೋ ಜೋರಿನವನ ಮನೆಗೆ ಕನ್ನ ಹಾಕಲು ಹೊರಡುವುದು, ಹಾಕಿದ ಲೆಕ್ಕವೆಲ್ಲ ತಲೆಕೆಳಗಾಗುವುದು, ಆದರೂ ಕೊನೆಗೆ ಹೇಗೋ ಗೆದ್ದುಬಿಡುವುದು. ಇಂಥ ಸಿನಿಮಾ ಯಾವ ಭಾಷೆಯಲ್ಲಿ ಬಂದರೂ ಬಿಡುತ್ತಿರಲಿಲ್ಲ. ನೋಡಿದ್ದನ್ನೇ ಮತ್ತೆ ನೋಡುತ್ತಿದ್ದ. ಊರಿನಲ್ಲಿ ಎಲ್ಲೂ ಗೆಲ್ಲದವರು ಅಲ್ಲಿ ಗೆಲ್ಲುತ್ತಾರೆ ಎಂಬುದೇ ಅವನಿಗೆ ಸಾಕಾಗಿತ್ತು.

ಹೀಗಾಗಿ ಪಾಂಡವಪುರದ ರಘುನಂದನ್ ಬಂದು ಕೇಳಿದಾಗ ಎರಡನೇ ಮಾತಾಡದೆ ಒಪ್ಪಿಕೊಂಡಿದ್ದ. ರಘುನಂದನ್ ಮದುವೆ ವಿಡಿಯೋ ಮಾಡಿಕೊಂಡಿದ್ದವನು. ಗೆಳೆಯರನ್ನು ಕೂಡಿಹಾಕಿ ತಾನೇ ಒಂದು ಸಿನಿಮಾ ಮಾಡಲು ಹೊರಟಿದ್ದ. ಟಗರು ಕದಿಯುವ ನಾಲ್ಕು ಪೆದ್ದರ ಕತೆ. ಅದರಲ್ಲಿ ಪೆದ್ದರ ಮುಖಂಡನ ಪಾತ್ರ ಸಿದ್ದಾರ್ಥನಿಗೆ. ಶ್ರೀರಂಗಪಟ್ಟಣದ ಕೋಟೆ ಕಂದಕದ ಬಳಿ ಒಂದಿಷ್ಟು ತೆಗೆದಾಗಿತ್ತು. ಇವತ್ತು ಅಕ್ಕಿಹೆಬ್ಬಾಳು ರೈಲ್ವೆ ಸ್ಟೇಷನ್ನಿನಲ್ಲಿ ಚಿತ್ರೀಕರಣ. ತಂಡದವರೆಲ್ಲ ಮುಂಚೆಯೇ ಹೋಗಿ ಬೇರೆ ದೃಶ್ಯ ತೆಗೆಯುತ್ತಿದ್ದರು. ಟಗರನ್ನು ತರುವ ಕೆಲಸ ಇವನ ಪಾಲಿಗೆ ಬಂದಿತ್ತು. ಇಳಿದ ತಕ್ಷಣ ಕ್ಯಾಮೆರಾ ಮುಂದೆ ನಿಲ್ಲಬೇಕು, ವೇಷ ಹಾಕಿಕೊಂಡೇ ಬಾ ಎಂದಿದ್ದ ರಘುನಂದನ್. ಆದ್ದರಿಂದ ಸಿದ್ದಾರ್ಥನ ಮೈಮೇಲೆ ಪಟ್ಟೆಪಟ್ಟೆ ಬನಿಯನ್ನು, ಕೊರಳಲ್ಲಿ ಕರಿ ವಸ್ತ್ರ, ಮೂಗಿನ ಕೆಳಗೆ ಗೋಂದು ಹಚ್ಚಿ ಅಂಟಿಸಿದ ದಪ್ಪ ಮೀಸೆ.

ರಸ್ತೆ ಬದಿಯ ಒಂದು ಊರಿನಲ್ಲಿ ದನಗಳಿಗೆ ಕಟ್ಟಿಸಿದ ನೀರಿನ ತೊಟ್ಟಿ ಕಾಣಿಸಿತು. ಗಾಡಿ ನಿಲ್ಲಿಸಿ, ಟಗರನ್ನು ಹಗ್ಗ ಹಿಡಿದು ಇಳಿಸಿದ. ಅದು ಮೂತಿ ಅದ್ದಿ ನೀರು ಹೀರುವುದನ್ನು ನೋಡಿ ಅವನಿಗೂ ಜೀವ ಬಂದಂತಾಯಿತು. ಆಗಲೇ ಹಿಂದಿನಿಂದ ಒಂದು ಬೈಕು ಬಂದು ಓಮ್ನಿಯ ಮುಂದೆ ಅಡ್ಡವಾಗಿ ನಿಂತಿತು.

ಬೈಕಿನ ಮೇಲಿದ್ದವನು ಧರ್ಮೇಂದ್ರ ಎಂಬ ಕಟ್ಟುಮಸ್ತಿನ ಆಳು. ಊರಿನಲ್ಲಿ ಯಾವ ಜಗಳ ನಡೆದರೂ ಮೊದಲು ಹೋಗಿ ನಿಲ್ಲುವವನು. ಆತ ಟಗರನ್ನು ನೋಡಿದ, ಮೀಸೆಯನ್ನು ನೋಡಿದ, ಗಾಡಿಯ ಕೀ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಆಮೇಲೆ ಒಂದು ಸಿಳ್ಳೆ ಹಾಕಿದ. ಅರಳಿಕಟ್ಟೆಯ ಕಡೆಯಿಂದ, ಟೀ ಅಂಗಡಿಯಿಂದ, ಗದ್ದೆ ಬದುವಿನಿಂದ ಜನ ಬರತೊಡಗಿದರು.

‘ಯಾರ್ಲಾ ನೀನು? ಯಾರ್ ಟಗರು ಇದು?’

ಶೂಟಿಂಗಿಗೆ ಒಯ್ಯುತ್ತಿದ್ದೇನೆ, ನಾನು ಕಳ್ಳನ ಪಾತ್ರ ಮಾಡುವವನು ಎಂದು ಸಿದ್ದಾರ್ಥ ನಗುತ್ತಲೇ ಹೇಳಿದ. ಯಾರೂ ನಗಲಿಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಕೆಲವು ತಿಂಗಳಿಂದ ಕುರಿಗಳು ಕಳುವಾಗುತ್ತಿದ್ದವು. ಕಾರಿನಲ್ಲಿ ಬರುತ್ತಾರೆ, ತುಂಬಿಕೊಂಡು ಹೋಗುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅದು ಅವನಿಗೂ ಗೊತ್ತಿತ್ತು. ಡೇರಿಯಲ್ಲಿ ಜನ ಅದನ್ನೇ ಮಾತಾಡುತ್ತಿದ್ದರು. ಆ ಮಾತುಗಳ ಒಳಗೆ ತಾನೇ ಬಂದು ನಿಂತಿದ್ದೇನೆ ಎಂಬುದು ಮಾತ್ರ ಈಗ ಹೊಳೆಯಿತು.

ಧರ್ಮೇಂದ್ರ ಕೈಚಾಚಿ ಅವನ ಮೀಸೆ ಹಿಡಿದು ಎಳೆದ. ಮೀಸೆ ಕಿತ್ತು ಬೆರಳಿಗೆ ಅಂಟಿಕೊಂಡಿತು. ಗುಂಪಿನಲ್ಲಿ ಒಂದು ಗುಜುಗುಜು ಎದ್ದಿತು. ಯಾರೋ ಇಬ್ಬರು ಹಿಂದಿನ ಬಾಗಿಲು ತೆರೆದು ಹುಲ್ಲು ಕೆದಕಿದರು. ಹಗ್ಗ ಬಂತು, ಗೋಣಿಚೀಲ ಬಂತು, ಬೀಗ ಮುರಿಯುವ ಕಟ್ಟರ್ ಬಂತು, ಕರಿ ಬಣ್ಣ ಬಳಿದ ಮರದ ಪಿಸ್ತೂಲು ಬಂತು. ಕೊನೆಗೆ, ಪೇಪರಿನಲ್ಲಿ ಸುತ್ತಿದ್ದ ಬೇರೆ ಬೇರೆ ಗಾಡಿಗಳ ನಂಬರ್ ಪ್ಲೇಟುಗಳು ಹೊರಬಂದವು. ಎಲ್ಲವೂ ಸಿನಿಮಾದ ಸಾಮಾನು. ಒಂದೊಂದನ್ನೇ ತೊಟ್ಟಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವನ್ನು ನೋಡುತ್ತ ನಿಂತ ಸಿದ್ದಾರ್ಥನಿಗೆ ಅವರ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ ಅನಿಸಿತು.

ಹೆಸರು ಕೇಳಿದರು. ಹೇಳಿದ. ಅಪ್ಪನ ಹೆಸರು ಕೇಳಿದರು. ಮಂಚಯ್ಯ ಎಂದ. ಇಬ್ಬರು ಮೂವರ ನಡುವೆ ಒಂದು ನೋಟ ಹರಿದಾಡಿತು. ಹೆಸರಿನಲ್ಲೇ ಜಾತಿ ಅಳೆಯುವ ಆ ನೋಟದ ಪರಿಚಯ ಸಿದ್ದಾರ್ಥನಿಗೆ ಚಿಕ್ಕಂದಿನಿಂದ ಇತ್ತು. ಅಲ್ಲಿಯವರೆಗೆ ಅವನ ತೋಳು ಹಿಡಿದಿದ್ದ ಕೈ ಈಗ ಬನಿಯನ್ನಿನ ಕೊರಳಪಟ್ಟಿಗೆ ಬಂತು.

‘ಫೋನ್ ಮಾಡಿ ಕೇಳಿ ಅಣ್ಣಾ. ಡೈರೆಕ್ಟ್ರು ನಂಬರ್ ಕೊಡ್ತೀನಿ’ ಎಂದ.

ರಘುನಂದನನ ಫೋನು ಆಫ್ ಆಗಿತ್ತು. ಕ್ಯಾಮೆರಾದವನದೂ ಆಫ್. ಧ್ವನಿಯನ್ನು ಅಲ್ಲೇ ರೆಕಾರ್ಡ್ ಮಾಡುವುದರಿಂದ, ಚಿತ್ರೀಕರಣ ನಡೆಯುವಾಗ ಎಲ್ಲರೂ ಫೋನು ಆರಿಸಿ ಒಂದು ಬುಟ್ಟಿಗೆ ಹಾಕಬೇಕೆಂಬ ನಿಯಮ ಮಾಡಿದ್ದರು. ಅದನ್ನು ವಿವರಿಸಲು ಹೋದರೆ, ಕಳ್ಳನ ಜೊತೆಗಾರರೆಲ್ಲ ಒಟ್ಟಿಗೇ ಫೋನ್ ಆಫ್ ಮಾಡಿಕೊಂಡಿದ್ದಾರೆ ನೋಡಿ ಎಂದು ಒಬ್ಬ ಅಂದ.

ಇನ್ನು ಉಳಿದಿದ್ದು ಟಗರಿನವರ ಮನೆ. ಬಿಂಡಿಗನವಿಲೆಯ ಪ್ರಮೀಳಾ ಎಂಬುವರು ಸಾಕಿದ ಟಗರು ಅದು. ಆಕೆಯ ಮಗ ಅಶೋಕ್ ಬೆಳಿಗ್ಗೆ ತಾನೇ ಹಗ್ಗ ಬಿಚ್ಚಿ ಗಾಡಿಗೆ ಹತ್ತಿಸಿ, ಬೈಕಿನಲ್ಲಿ ಮುಂದಾಗಿ ಅಕ್ಕಿಹೆಬ್ಬಾಳಿಗೆ ಹೋಗಿದ್ದ; ಸಿನಿಮಾದಲ್ಲಿ ಅವನಿಗೂ ಒಂದು ಸಣ್ಣ ಪಾತ್ರವಿದ್ದುದರಿಂದ ಅವನ ಫೋನೂ ಬುಟ್ಟಿಯಲ್ಲಿತ್ತು. ಮನೆಯ ನಂಬರು ಸಿದ್ದಾರ್ಥನ ಹತ್ತಿರ ಇತ್ತು. ಧರ್ಮೇಂದ್ರ ತನ್ನ ಫೋನಿನಿಂದಲೇ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಇನ್ನೇನು, ಮುಗಿಯಿತು ಈ ಕಷ್ಟ.

‘ಅಮ್ಮಾ, ನಿಮ್ ಮನೇಲಿ ಟಗರು ಐತಾ?’

‘ಐತೆ ಕಣಪ್ಪ. ಯಾಕೆ?’

‘ವಸಿ ಕೊಟ್ಗೆ ನೋಡಿ ಹೇಳಿ.’

ಆಕೆ ನಡೆದುಹೋಗುವ ಸದ್ದು, ಬಾಗಿಲ ಕಿರ್ರೆಂಬ ಶಬ್ದ ಕೇಳಿಸಿತು. ಆಮೇಲೆ ಆಕೆಯ ದನಿ ಒಡೆದು ಬಂತು. ‘ಇಲ್ಲ ಕಣಪ್ಪ. ಗೂಟ ಬರಿದಾಗೈತೆ. ನನ್ ಟಗರು ಯಾರೋ ಹೊಡ್ಕಂಡೋಗ್ಬುಟ್ಟವ್ರೆ.’

ಅಶೋಕ್ ತನ್ನ ತಾಯಿಗೆ ಹೇಳಿಯೇ ಇರಲಿಲ್ಲ. ಕೇಳಿದರೆ ಕೊಡುವುದಿಲ್ಲವೆಂದು ಆಕೆ ಹೊಲಕ್ಕೆ ಹೋದ ಹೊತ್ತು ನೋಡಿ ಬಿಚ್ಚಿಕೊಂಡು ಬಂದಿದ್ದ. ಅದು ಗೊತ್ತಾಗುವ ಮೊದಲೇ ಸಿದ್ದಾರ್ಥನ ಕೆನ್ನೆಗೆ ಏಟು ಬಿತ್ತು.

ಹೊಡೆದವನು ಧರ್ಮೇಂದ್ರನಲ್ಲ. ಅಲ್ಲಿಯವರೆಗೆ ಟಗರಿನ ಪಕ್ಕ ನಿಂತು, ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ ಒಬ್ಬ ಆಳು. ಐವತ್ತರ ಆಸುಪಾಸು, ಸಣಕಲು ಮೈ. ಹೆಸರು ಚಲುವರಾಜು ಎಂದು ಆಮೇಲೆ ತಿಳಿಯಿತು. ಮತ್ತೊಂದು ಏಟು ಹಾಕಲು ಕೈ ಎತ್ತಿದವನನ್ನು ಯಾರೋ ಹಿಡಿದರು. ಸಿದ್ದಾರ್ಥನ ಬಾಯಲ್ಲಿ ರಕ್ತದ ರುಚಿ ಬಂತು. ಅವನದೇ ಹಗ್ಗದಲ್ಲಿ ಅವನ ಕೈಗಳನ್ನು ಹಿಂದಕ್ಕೆ ಸೇರಿಸಿ ಅರಳಿಕಟ್ಟೆಯ ಪಕ್ಕದ ಕಂಬಕ್ಕೆ ಕಟ್ಟಿದರು. ಧರ್ಮೇಂದ್ರ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ, ಉಳಿದವರ ಹೆಸರು ಬಾಯಿಬಿಡುವ ತನಕ ಬಿಡಬೇಡಿ ಎನ್ನುತ್ತಿದ್ದ. ಯಾರೋ ಪೊಲೀಸ್ ಸ್ಟೇಷನ್ನಿಗೆ ಫೋನು ಮಾಡಿದ್ದರು. ಜೀಪು ಬೇರೆಲ್ಲೋ ಹೋಗಿದೆ, ಬರುವುದು ತಡವಾಗುತ್ತದೆ ಎಂಬ ಉತ್ತರ ಬಂದಿತ್ತು. ಅಷ್ಟರೊಳಗೆ ಏನು ಬೇಕಾದರೂ ಆಗಬಹುದು ಎಂದು ಸಿದ್ದಾರ್ಥನಿಗೆ ಅನಿಸಿತು. ಇಂಥ ವಿಡಿಯೋಗಳನ್ನು ಅವನೂ ನೋಡಿದ್ದ. ಕಂಬಕ್ಕೆ ಕಟ್ಟಿದವನ ಮುಖ ಯಾರಿಗೂ ನೆನಪಿರುವುದಿಲ್ಲ.

ಕಟ್ಟೆಯ ಮೇಲೆ ವೀಳ್ಯದೆಲೆ ಮಾರಲು ಕೂತಿದ್ದ ಬೆಟ್ಟಮ್ಮ ಎಂಬ ಮುದುಕಿ ಆಗ ಬಾಯಿ ತೆರೆದಳು. ಆಕೆಯ ಮಾತಿಗೆ ಊರಿನಲ್ಲಿ ಬೆಲೆ ಇತ್ತು. ‘ಹೊಡಿಯೋದು ಇದ್ದೇ ಐತೆ, ನಿಲ್ರಲಾ. ಸಿನಿಮಾ ಅಂತಾವ್ನೆ. ಸಿನಿಮಾ ಆದ್ರೆ ಕತೆ ಇರ್ಬೇಕಲ್ವಾ? ಹೇಳ್ಲಿ. ಸುಳ್ಳಾಡೋನಾದ್ರೆ ನಡ್ವೆ ಸಿಕ್ಕಾಕ್ಕತಾನೆ.’

ಧರ್ಮೇಂದ್ರನಿಗೆ ಇಷ್ಟವಾಗಲಿಲ್ಲ. ಆದರೂ ಜನ ಸುಮ್ಮನಾದರು. ಎಲ್ಲರ ಕಣ್ಣೂ ಸಿದ್ದಾರ್ಥನ ಬಾಯಿಯ ಮೇಲೆ ನೆಟ್ಟಿತು.

ಅವನಿಗೆ ಕತೆಯೆಲ್ಲ ಬಾಯಿಪಾಠವಾಗಿತ್ತು, ಆದರೆ ಎಲ್ಲಿಂದ ಶುರುಮಾಡುವುದು? ಒಂದು ಊರಲ್ಲಿ ಒಬ್ಬ ಮುದುಕಿ ಎಂದು ಹೇಗೋ ಶುರುಮಾಡಿದ. ಆಕೆ ಮಗುವಿನ ಹಾಗೆ ಸಾಕಿದ ಟಗರನ್ನು ಊರಿನ ಯಜಮಾನ ಮಗಳ ಬೀಗರೂಟಕ್ಕೆಂದು ಹಿಡಿಸಿಕೊಂಡು ಹೋಗುತ್ತಾನೆ. ಆಕೆಯ ಅಳು ನೋಡಲಾರದೆ ಊರಿನ ನಾಲ್ಕು ಪೆದ್ದರು ಅದನ್ನು ಕದ್ದು ತರಲು ಹೊರಡುತ್ತಾರೆ. ಅವರಲ್ಲಿ ಒಬ್ಬನಿಗೆ ಕತ್ತಲೆ ಎಂದರೆ ಭಯ, ಒಬ್ಬನಿಗೆ ಟಗರು ಎಂದರೆ ಭಯ. ಯಜಮಾನನ ನಾಯಿಗೆ ಹಾಕಲೆಂದು ನಿದ್ದೆಯ ಔಷಧಿ ತರುತ್ತಾರೆ. ಬಾಯಾರಿಕೆಯಾಗಿ ಅದನ್ನು ಅವರಲ್ಲೇ ಒಬ್ಬ ಕುಡಿದುಬಿಡುತ್ತಾನೆ.

ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ ಗಾಡಿಯ ಹತ್ತಿರ ಹೋಗಿ ಒಂದು ಬಾಟಲಿ ತಂದ. ‘ನಿದ್ದೆ ಮದ್ದು’ ಎಂದು ಕೈಬರಹದಲ್ಲಿ ದೊಡ್ಡದಾಗಿ ಬರೆದ ಚೀಟಿ ಅದರ ಮೇಲಿತ್ತು. ಅದು ಬರೀ ಶರಬತ್ತು ಎಂದ ಸಿದ್ದಾರ್ಥ. ಹಾಗಾದರೆ ಕುಡಿ ಎಂದು ಧರ್ಮೇಂದ್ರ ಮುಚ್ಚಳ ಬಿಚ್ಚಿ ಬಾಯಿಗೇ ಹಿಡಿದ. ಗಂಟಲು ಒಣಗಿದ್ದ ಸಿದ್ದಾರ್ಥ ಗಟಗಟ ಕುಡಿದ. ಒಡೆದ ತುಟಿ ಉರಿಯಿತು. ಈಗ ನಿದ್ದೆ ಬರುತ್ತದೋ ಇಲ್ಲವೋ ನೋಡೋಣವೆಂದು ಜನ ಅವನನ್ನೇ ದಿಟ್ಟಿಸುತ್ತ ನಿಂತರು. ಕಣ್ಣು ಮಿಟುಕಿಸಲೂ ಅವನಿಗೆ ಭಯವಾಯಿತು.

ಆಮೇಲೇನಾಯಿತು, ಹೇಳು ಎಂದಳು ಬೆಟ್ಟಮ್ಮ.

ಟಗರು ಕೈಗೆ ಸಿಗುತ್ತದೆ. ಊರು ದಾಟಿಸಬೇಕು. ಗಾಡಿ ಇಲ್ಲ. ಒಬ್ಬನ ಹೆಂಡತಿಯ ಸೀರೆ ತಂದು ಟಗರಿಗೆ ಉಡಿಸಿ, ಸೆರಗು ಹೊದಿಸಿ, ಬಸ್ಸಿಗೆ ಹತ್ತಿಸುತ್ತಾರೆ. ಹೆಂಗಸರ ಸೀಟಿನಲ್ಲಿ ಕೂರಿಸುತ್ತಾರೆ. ಕಂಡಕ್ಟರ್ ಬಂದು ಟಿಕೆಟ್ ಕೇಳುತ್ತಾನೆ.

ಈಗ ನಾಲ್ಕಾರು ಜನ ನಕ್ಕರು. ಕೊಂಬು ಹೇಗೆ ಮುಚ್ಚಿದರು ಎಂದು ಒಬ್ಬ ಕೇಳಿದ. ಕೊಂಬಿಗೆ ಹೂ ಮುಡಿಸಿದರೆ ಆಯಿತಲ್ಲ ಎಂದು ಇನ್ನೊಬ್ಬ. ಅದಕ್ಕಿಂತ ನಾಗಮಂಗಲದ ಬಸ್ಸಿಗೆ ಹತ್ತಿಸಬೇಕಿತ್ತು, ಅದರಲ್ಲಿ ಕೊಂಬಿರೋರು ಹತ್ತಿದರೂ ಕಾಣದಷ್ಟು ನೂಕುನುಗ್ಗಲು ಎಂದು ಮತ್ತೊಬ್ಬ. ಸಿದ್ದಾರ್ಥನ ದನಿಗೆ ತಾನಾಗಿಯೇ ಏರಿಳಿತ ಬಂತು. ಕೈ ಕಟ್ಟಿದ್ದರೂ ಗೋಣು, ಹುಬ್ಬು, ಭುಜ ಮಾತಾಡತೊಡಗಿದವು. ಯಜಮಾನ ಬಸ್ಸಿನ ಹಿಂದೆ ಓಡಿಬಂದು ತಿಪ್ಪೆಗುಂಡಿಗೆ ಬೀಳುವ ಜಾಗಕ್ಕೆ ಬಂದಾಗ ಜನ ಜೋರಾಗಿಯೇ ನಕ್ಕುಬಿಟ್ಟರು. ಧರ್ಮೇಂದ್ರನ ಮೊಬೈಲು ಕೂಡ ಕೆಳಗೆ ಇಳಿದಿತ್ತು.

‘ನಗ್ತಾ ಇದೀರಲ್ಲ’ ಎಂದ ಚಲುವರಾಜು.

ಜೋರಾಗಿ ಹೇಳಲಿಲ್ಲ. ಆದರೂ ನಗು ಅಲ್ಲಿಗೇ ಕಡಿಯಿತು. ಅವನು ಜನರನ್ನು ಸರಿಸಿಕೊಂಡು ಕಂಬದ ಹತ್ತಿರ ಬಂದ. ಸಿದ್ದಾರ್ಥ ಗೋಡೆಗೆ ಒರಗುವವನಂತೆ ಕಂಬಕ್ಕೆ ಬೆನ್ನು ಒತ್ತಿಕೊಂಡ.

‘ನನ್ ಕೊಟ್ಗೆಗೆ ಬಂದೋರು ಪೆದ್ರಲ್ಲ ಕಣಪ್ಪ. ನಾಯಿಗೆ ನಿದ್ದೆ ಮದ್ದು ಹಾಕ್ನಿಲ್ಲ, ವಿಸ ಹಾಕುದ್ರು. ತಾಯ್ಕುರಿನೆಲ್ಲ ತುಂಬ್ಕಂಡ್ರು, ಮರಿಗಳ್ನ ಬುಟ್ಟೋದ್ರು. ಹಾಲಿಲ್ದೆ ಅವು ಒದರಿದ್ದು ಈ ಊರೆಲ್ಲ ಕೇಳೈತೆ. ಒಂದೊಂದಾಗಿ ಹೋದ್ವು. ನಮ್ಮನೆಯವಳು ಇವತ್ತಿಗೂ ಕೊಟ್ಗೆ ತಾವ್ಕೆ ಹೋಗಲ್ಲ. ನಿನ್ ಸಿನಿಮಾದಲ್ಲಿ ಕಳ್ಕಂಡೋನು ತಿಪ್ಪೆಗೆ ಬೀಳ್ತಾನೆ. ನಾನೂ ಬೀಳ್ಬೇಕಾ?’

ಟಗರು ತೊಟ್ಟಿಯ ಹತ್ತಿರ ನಿಂತು ಗೊರಸಿನಿಂದ ನೆಲ ಕೆರೆಯುತ್ತಿತ್ತು. ಏನಾದರೂ ಒಂದು ಜಾಣ ಮಾತು ಹೇಳಿ ಪಾರಾಗಬೇಕೆಂದು ಸಿದ್ದಾರ್ಥನಿಗೆ ಅನಿಸಿತು. ಆದರೆ ಆ ಮುಖ ನೋಡಿದ ಮೇಲೆ ಜಾಣತನವೆಲ್ಲ ಉಡುಗಿಹೋಯಿತು. ಎಷ್ಟು ಸಿನಿಮಾ ನೋಡಿದ್ದ, ಎಷ್ಟು ಸಲ ನಕ್ಕಿದ್ದ. ಕಳೆದುಕೊಂಡವನ ಮನೆಯಲ್ಲಿ ಮಾರನೆಯ ದಿನ ಏನಾಗುತ್ತದೆ ಎಂದು ಒಂದು ಸಲವೂ ಅವನ ತಲೆಗೆ ಬಂದಿರಲಿಲ್ಲ.

‘ಇಲ್ಲಣ್ಣ’ ಎಂದ. ‘ನೀವು ಹೇಳಿದ್ದು ಅದ್ರಲ್ಲಿ ಇಲ್ಲ. ಇದ್ರೆ ಯಾರೂ ನಗಲ್ಲ.’

‘ಮತ್ಯಾಕಪ್ಪ ಅಂತದ್ದು ಮಾಡ್ತೀರಿ?’

ಸಿದ್ದಾರ್ಥ ಒಡೆದ ತುಟಿ ನೆಕ್ಕಿಕೊಂಡ. ‘ಅಲ್ಲಿ ಯಾರಿಗೂ ವಿಸ ಹಾಕಲ್ಲ ಅಣ್ಣ. ಯಾರೂ ಸಾಯಲ್ಲ. ಬಲವಂತದಲ್ಲಿ ಕಿತ್ಕಂಡೋಗಿದ್ದು ಮುದ್ಕಿ ಮನೆಗೆ ವಾಪಸ್ ಬತ್ತದೆ. ದಿಟವಾಗಿ ಅಂಗೆ ಆಗಲ್ವಲ್ಲ, ಅದ್ಕೇ ನೋಡ್ತಾರೆ ಅನ್ಸುತ್ತೆ. ನಾನೂ ಅದ್ಕೇ ನೋಡ್ತೀನಿ.’

ಚಲುವರಾಜು ಅವನನ್ನು ಬಹಳ ಹೊತ್ತು ನೋಡಿದ. ಆ ಕಣ್ಣಲ್ಲಿ ಏನಿದೆ ಎಂದು ಸಿದ್ದಾರ್ಥನಿಗೆ ತಿಳಿಯಲಿಲ್ಲ. ಮತ್ತೆ ಹೊಡೆಯುತ್ತಾನೆ ಅಂದುಕೊಂಡು ಹಲ್ಲು ಕಚ್ಚಿದ. ‘ಮುದ್ಕಿ ಮನೆಗೆ ಬತ್ತದಾ?’ ಎಂದಷ್ಟೇ ಕೇಳಿ, ಚಲುವರಾಜು ಕಟ್ಟೆಯ ತುದಿಗೆ ಹೋಗಿ ಕುಳಿತ.

ಧರ್ಮೇಂದ್ರನಿಗೆ ಈ ಮಾತುಕತೆ ಸಾಕಾಗಿತ್ತು. ಕತೆ ಯಾರು ಬೇಕಾದರೂ ಕಟ್ಟುತ್ತಾರೆ, ಟಗರಿನವಳೇ ಕಳುವಾಗಿದೆ ಎಂದಮೇಲೆ ಇನ್ನೇನು ಎಂದು ಅವನು ಪಕ್ಕದವನ ಕೈಯಿಂದ ದೊಣ್ಣೆ ತೆಗೆದುಕೊಂಡ. ಬೆಟ್ಟಮ್ಮ ಏನೋ ಹೇಳಿದಳು, ಕೇಳಿಸಿಕೊಳ್ಳಲಿಲ್ಲ. ಹಿಂದೆ ನಕ್ಕಿದ್ದವರೂ ಈಗ ನೆಲ ನೋಡುತ್ತಿದ್ದರು. ಸಿದ್ದಾರ್ಥ ಕಣ್ಣು ಮುಚ್ಚಿಕೊಂಡ. ಅದೇ ಹೊತ್ತಿಗೆ ಧರ್ಮೇಂದ್ರನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಪ್ರಮೀಳಾ. ಸ್ಪೀಕರ್ ಹಾಕುವ ಅಗತ್ಯವೂ ಇರಲಿಲ್ಲ, ಆಕೆಯ ಮಾತು ಎಲ್ಲರಿಗೂ ಕೇಳಿಸುತ್ತಿತ್ತು. ಮಗನಿಗೆ ಎಷ್ಟು ಸಲ ಮಾಡಿದರೂ ಫೋನು ಹತ್ತಿರಲಿಲ್ಲವಂತೆ. ಈಗ ತಿಂಡಿಗೆ ಬಿಟ್ಟಾಗ ಅವನೇ ಮಾಡಿದ್ದಾನೆ. ತಾನೇ ಟಗರು ಕೊಟ್ಟು ಕಳಿಸಿದ್ದು ಎಂದಿದ್ದಾನೆ. ಆ ಗಾಡಿಯವನಿಗೆ ಏನೂ ಮಾಡಬೇಡಿ, ಮನೆಗೆ ಬರಲಿ ನನ್ನ ಮಗ, ಅವನಿಗೆ ನಾನಿದ್ದೇನೆ ಎಂದಳು ಆಕೆ.

ಧರ್ಮೇಂದ್ರ ದೊಣ್ಣೆಯನ್ನು ಕಟ್ಟೆಗೆ ಒರಗಿಸಿ, ಗಾಡಿಯ ಕೀಯನ್ನು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಬೈಕಿನ ಕಡೆ ಹೋದ. ಜನ ಒಬ್ಬೊಬ್ಬರಾಗಿ ಕರಗತೊಡಗಿದರು. ಕೆಲವರು ಕಾಲ ಹಾಗಿದೆ ಎಂದರು. ಯಾರೋ ಪೊಲೀಸರಿಗೆ ಮತ್ತೆ ಫೋನು ಮಾಡಿ ಜೀಪು ಬೇಡವೆಂದರು. ಒಬ್ಬ ನೀರು ತಂದುಕೊಟ್ಟ. ಕಂಬದ ಹಗ್ಗ ಬಿಚ್ಚಿದ್ದು ಚಲುವರಾಜು. ಗಂಟು ಬಿಗಿಯಾಗಿತ್ತು; ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಯಿತು.

ಬಿಚ್ಚಿದವನು ದೂರ ಸರಿಯಲಿಲ್ಲ. ಫೋನಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು, ನಾನು ಜೊತೆಗೆ ಬಂದು ಕಣ್ಣಾರೆ ನೋಡುತ್ತೇನೆ ಎಂದ. ಬೇಡವೆನ್ನಲು ಸಿದ್ದಾರ್ಥನಿಗೆ ತ್ರಾಣವಿರಲಿಲ್ಲ. ಟಗರನ್ನು ಗಾಡಿಗೆ ಹತ್ತಿಸಿದವನೂ ಚಲುವರಾಜುವೇ. ಹಗ್ಗ ಎಳೆಯಲಿಲ್ಲ, ಎದೆಯ ಕೆಳಗೆ ಕೈ ಕೊಟ್ಟು ಏನೋ ಮಾತಾಡಿಸಿದ, ಅದು ತಾನೇ ಹತ್ತಿತು.

ಕೆ.ಆರ್.ಪೇಟೆ ಕಳೆದು ಹೇಮಾವತಿ ಹೊಳೆಯ ಕಡೆ ತಿರುಗಿದರು. ಸಿದ್ದಾರ್ಥ ಎರಡು ಸಲ ತಪ್ಪು ಗೇರ್ ಹಾಕಿದ. ಪಕ್ಕದವನು ಅದನ್ನು ನೋಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಒಂದು ವೇಳೆ ರೈಲ್ವೆ ಸ್ಟೇಷನ್ನಿನಿಂದ ತಂಡದವರೆಲ್ಲ ಊಟಕ್ಕೆ ಎಲ್ಲಾದರೂ ಹೋಗಿದ್ದರೆ, ಕ್ಯಾಮೆರಾ ಕಾಣದಿದ್ದರೆ, ಮತ್ತೆ ಇವನ ಕೈ ಮೇಲೇಳುತ್ತದೆ ಎಂದೇ ಅವನು ಹೆದರಿದ.

ಎಲ್ಲರೂ ಇದ್ದರು. ಅಶೋಕ್ ಓಡಿಬಂದು ಅವನ ಊದಿದ ಕೆನ್ನೆ ನೋಡಿ ಬಿಳಿಚಿಕೊಂಡ. ರಘುನಂದನ್ ವಿಷಯ ಕೇಳಿ ತಲೆಯ ಮೇಲೆ ಕೈಹೊತ್ತು ಕೂತ. ಇವತ್ತು ಬೇಡ, ಮನೆಗೆ ಹೋಗು ಎಂದ. ಸಿದ್ದಾರ್ಥನಿಗೇ ಏನನಿಸಿತೋ, ಬಂದಿದ್ದೇನೆ, ಮುಗಿಸಿಬಿಡೋಣ ಎಂದ. ಹೊಸ ಮೀಸೆ ಅಂಟಿಸಿದರು. ಊದಿದ ಕಡೆ ಪೌಡರ್ ಬಳಿದರು.

ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಪೆದ್ದರು ಟಗರಿನೊಂದಿಗೆ ಓಡಬೇಕು. ಅರ್ಧ ದಾರಿಯಲ್ಲಿ ಟಗರು ತಿರುಗಿ ನಿಂತು, ಅವರನ್ನೇ ಓಡಿಸಿಕೊಂಡು ಬರಬೇಕು. ಎಲ್ಲರ ಫೋನುಗಳೂ ಬುಟ್ಟಿಗೆ ಬಿದ್ದವು. ಚಲುವರಾಜು ಕಲ್ಲುಬೆಂಚಿನ ಮೇಲೆ, ಕ್ಯಾಮೆರಾದ ಹಿಂದೆ, ಕೈಕಟ್ಟಿ ಕುಳಿತಿದ್ದ.

ಸಿದ್ದಾರ್ಥ ಓಡಿದ. ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಮೊಣಕಾಲು ಒಂದಕ್ಕೊಂದು ಬಡಿದು, ಮೈ ಒಂದು ಕಡೆ, ಕಾಲು ಒಂದು ಕಡೆ ಹೋಗುತ್ತಿತ್ತು. ಅದು ನಟನೆಯಲ್ಲ, ಅರಳಿಕಟ್ಟೆಯ ಭಯ ಇನ್ನೂ ಇಳಿದಿರಲಿಲ್ಲ. ಟಗರು ತಿರುಗಿ ತಲೆ ಬಗ್ಗಿಸಿದ್ದೇ ತಡ, ಅವನು ನಿಜವಾಗಿಯೂ ಕಿರುಚಿ, ಅಲ್ಲಿದ್ದ ಸಾಮಾನು ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತುಬಿಟ್ಟ. ಅದು ಬರೆದದ್ದರಲ್ಲಿ ಇರಲಿಲ್ಲ. ತಂಡದವರೆಲ್ಲ ಟವೆಲು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದರು.

ಆಗ ಬೆಂಚಿನ ಕಡೆಯಿಂದ ಒಂದು ನಗು ಕೇಳಿಸಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು. ರಘುನಂದನ್ ಕಟ್ ಎಂದು ಕೂಗಿ, ಯಾರು ನಕ್ಕದ್ದು ಎಂದು ಸಿಟ್ಟಿನಿಂದ ತಿರುಗಿದ. ಚಲುವರಾಜು ತಲೆಯ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಬಹಳ ಹೊತ್ತು ಒರೆಸಿಕೊಂಡ. ತಪ್ಪಾಯಿತು, ಇನ್ನೊಂದು ಸಲ ಓಡಲಿ ಎಂದ.

ಇನ್ನೊಂದು ಸಲ ಓಡಿದಾಗ ಅಷ್ಟು ಚೆನ್ನಾಗಿ ಬರಲಿಲ್ಲ.

ಸಂಜೆ ಅಶೋಕ್ ತಾಯಿಯ ಬೈಗುಳ ತಿನ್ನಲು ಟಗರಿನೊಂದಿಗೆ ಬೇರೆ ಗಾಡಿಯಲ್ಲಿ ಹೊರಟ. ಚಲುವರಾಜುವನ್ನು ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನವರೆಗೆ ಸಿದ್ದಾರ್ಥನೇ ಬಿಟ್ಟ. ಇಳಿಯುವ ಮೊದಲು ಆತ ಕೇಳಿದ, ‘ಏಟು ಜೋರಾಗಿ ಬಿತ್ತಾ?’

‘ಬಿತ್ತು ಅಣ್ಣ.’

ಚಲುವರಾಜು ತಲೆಯಾಡಿಸಿದ. ಕ್ಷಮಿಸು ಎನ್ನಲಿಲ್ಲ, ಸಿದ್ದಾರ್ಥನೂ ಅದನ್ನು ಕಾಯಲಿಲ್ಲ. ಅಪ್ಪನ ಹೆಸರು ಹೇಳಿದಾಗ ಹರಿದಾಡಿದ ನೋಟ ಇನ್ನೂ ಅವನ ಮನಸ್ಸಿನಲ್ಲಿತ್ತು. ಆ ನೋಟದಲ್ಲಿ ಈತನೂ ಇದ್ದನೋ ಇಲ್ಲವೋ ನೆನಪಾಗಲಿಲ್ಲ. ಚಲುವರಾಜು ಅವನ ನಂಬರು ಕೇಳಿ ತನ್ನ ಫೋನಿಗೆ ಹಾಕಿಸಿಕೊಂಡ.

‘ನನ್ ಕುರಿ ಕದ್ದೋರು ಸಿಕ್ರೆ ಫೋನ್ ಮಾಡ್ತೀನಿ, ಬಾ’ ಎಂದ. ‘ದಿಟದ ಕಳ್ರು ಎಂಗಿರ್ತಾರೆ ಅಂತ ನೀನೂ ಒಂದ್ಸಲ ನೋಡು.’

ಬಸ್ಸು ಹೊರಟಿತು. ಸಿದ್ದಾರ್ಥ ಗಾಡಿಯಲ್ಲಿ ಕೂತು ಮೀಸೆ ಕೀಳಲು ಹೋದ. ಗೋಂದು ಗಟ್ಟಿಯಾಗಿ ಹಿಡಿದಿತ್ತು. ತುಟಿಯ ಗಾಯಕ್ಕೆ ತಗುಲಿ ಕಣ್ಣಲ್ಲಿ ನೀರು ಬಂತು. ಹಾಗೆಯೇ ಬಿಟ್ಟು ಗಾಡಿ ಚಾಲೂ ಮಾಡಿದ. ನಾಗಮಂಗಲಕ್ಕೆ ಸಂತೆಬಾಚಹಳ್ಳಿಯ ದಾರಿ ಹತ್ತಿರ, ಆದರೆ ಅದು ಆ ಅರಳಿಕಟ್ಟೆಯ ಮುಂದೆಯೇ ಹಾಯುತ್ತಿತ್ತು. ಅವನು ಆ ದಿನ ಸುತ್ತುದಾರಿ ಹಿಡಿದು ಊರು ಸೇರಿದ.